ಪರರ ಗೋಡೆಯ ಮೇಲೆ ಒಂದು ನಾಡಿನ ಚರಿತ್ರೆ

ಲಂಡನ್ ಮಹಾನಗರದ ಉತ್ತರ ಭಾಗದಲ್ಲಿ ಪ್ರಿಮ್‌ರೋಸ್ ಹಿಲ್ ಎಂಬ ಹಸಿರು ದಿಬ್ಬವೊಂದಿದೆ. ಅದರ ಮಗ್ಗುಲಲ್ಲಿ ಬಳುಕಿ ಸಾಗುವ ಬೀದಿಗೆ ಚಾಲ್ಕಟ್ ಕ್ರೆಸೆಂಟ್ ಎಂದು ಹೆಸರು. ಒಂದಕ್ಕೊಂದು ಒತ್ತಿಕೊಂಡು ನಿಂತ ಮನೆಗಳು. ಒಂದೊಂದಕ್ಕೂ ಒಂದೊಂದು ಬಣ್ಣ. ಆ ಸಾಲಿನ 37ನೆಯ ನಂಬರಿನ ಮನೆಯ ಮುಂಗೋಡೆಯಲ್ಲಿ ನೀಲಿ ಬಣ್ಣದ ದುಂಡನೆಯ ಫಲಕವೊಂದನ್ನು ಕೂಡಿಸಿದ್ದಾರೆ. ಲೇಖಕನೂ ಫಿಲಿಪೀನ್ಸಿನ ರಾಷ್ಟ್ರವೀರನೂ ಆದ ಡಾಕ್ಟರ್ ಹೊಸೆ ರಿಸಾಲ್ ಇಲ್ಲಿ ವಾಸವಾಗಿದ್ದನೆಂದು ಅದು ತಿಳಿಸುತ್ತದೆ. ಜತೆಗೆ ಅವನು ಹುಟ್ಟಿದ ವರ್ಷ 1861, ಮಡಿದ ವರ್ಷ 1896. ಅಷ್ಟೇ.

ಮಹನೀಯರ ವಾಸಸ್ಥಾನವನ್ನು ಸೂಚಿಸುವ ಇಂಥ ನೀಲಿ ಫಲಕಗಳು ಲಂಡನ್ನಿನಲ್ಲಿ ನೂರಾರಿವೆ. ಅಂದಿನ ನಗರಾಡಳಿತ 1983ರಲ್ಲಿ ಇದನ್ನು ಹಾಕಿಸಿತು. ದಾರಿಹೋಕರು ಓದಿ ಮುಂದೆ ಹೋಗುತ್ತಾರೆ. ಆದರೆ ಏಳು ಸಾವಿರ ದ್ವೀಪಗಳ ಒಂದು ದೂರದ ನಾಡಿನ ವೈದ್ಯನಿಗೆ ಈ ಬಾಡಿಗೆಯ ಕೋಣೆಯಲ್ಲಿ ಏನು ಕೆಲಸವಿತ್ತು ಎಂಬ ಪ್ರಶ್ನೆಗೆ ಉತ್ತರ ಫಲಕದಲ್ಲಿಲ್ಲ.

ಸಾಮಾನ್ಯವಾಗಿ ಒಂದು ದೇಶದ ಸ್ಮಾರಕಗಳಿರುವುದು ಆ ದೇಶದ ನೆಲದಲ್ಲಿ. ಫಿಲಿಪೀನ್ಸಿನಲ್ಲಿಯೂ ಅವಕ್ಕೆ ಕೊರತೆಯಿಲ್ಲ. ಐತಿಹಾಸಿಕ ಸ್ಥಳಗಳನ್ನು ಗುರುತಿಸಿ ಫಲಕ ನೆಡುವುದಕ್ಕೆಂದೇ 1933ರಲ್ಲಿ ಅಲ್ಲಿ ಸಮಿತಿಯೊಂದು ಏರ್ಪಟ್ಟಿತು. ಆದರೆ ಆ ನಾಡಿನ ಚರಿತ್ರೆಯಲ್ಲಿ ಒಂದು ವೈಚಿತ್ರ್ಯವಿದೆ. ಮುನ್ನೂರು ವರ್ಷಗಳಿಗೂ ಮಿಕ್ಕಿ ಸ್ಪೇನಿನ ಆಳ್ವಿಕೆಯಲ್ಲಿದ್ದ ಆ ದ್ವೀಪಗಳಲ್ಲಿ ಸರ್ಕಾರದ ಹಾಗೂ ಪಾದ್ರಿಗಳ ಪರಿಶೀಲನೆಗೆ ಒಳಗಾಗದೆ ಒಂದು ಹಾಳೆಯೂ ಅಚ್ಚಾಗುವಂತಿರಲಿಲ್ಲ. ಊರಿನಲ್ಲಿ ಆಡಲಾಗದ ಮಾತನ್ನು ಪರದೇಶದಲ್ಲಿ ಕುಳಿತು ಬರೆಯಬೇಕಾಯಿತು. ಆ ರಾಷ್ಟ್ರದ ಕಾದಂಬರಿಗಳು, ಅದರ ಪತ್ರಿಕೆ, ಕಡೆಗೆ ಅದರ ಧ್ವಜ ಕೂಡ ಹುಟ್ಟಿದ್ದು ಅನ್ಯರ ಊರುಗಳ ಬಾಡಿಗೆ ಮನೆಗಳಲ್ಲಿ. ಹೀಗಾಗಿ ಅದರ ಚರಿತ್ರೆಯ ಎಷ್ಟೋ ಪುಟಗಳು ಪರರ ಗೋಡೆಗಳಿಗೆ ಅಂಟಿಕೊಂಡಿವೆ.

ಕೈಬರಹದ ಗ್ರಂಥ

ರಿಸಾಲ್ ಲಂಡನ್ನಿಗೆ ಬಂದದ್ದು 1888ರ ಮೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಅವನ ಮೊದಲ ಕಾದಂಬರಿ ಪ್ರಕಟವಾಗಿ, ಮನಿಲಾದ ಅಧಿಕಾರಿಗಳ ಕೋಪಕ್ಕೆ ಗುರಿಯಾಗಿತ್ತು. ತವರಿನಲ್ಲಿ ನಿಲ್ಲುವಂತಿರಲಿಲ್ಲ. ಹಾಂಗ್‌ಕಾಂಗ್, ಜಪಾನ್, ಅಮೆರಿಕಗಳನ್ನು ಸುತ್ತಿಕೊಂಡು ಬಂದು, ಚಾಲ್ಕಟ್ ಕ್ರೆಸೆಂಟಿನಲ್ಲಿ ಬೆಕೆಟ್ ಎಂಬುವರ ಕುಟುಂಬದೊಂದಿಗೆ ಬಾಡಿಗೆಗೆ ಇಳಿದುಕೊಂಡ. ಆಗ ಅವನಿಗೆ ಇಪ್ಪತ್ತೇಳನೆಯ ವಯಸ್ಸು ತುಂಬುತ್ತಿತ್ತು.

ಅವನು ಹುಡುಕಿಕೊಂಡು ಬಂದದ್ದು ಒಂದು ಹಳೆಯ ಪುಸ್ತಕವನ್ನು. ಅಂತೋನಿಯೊ ದೆ ಮೋರ್ಗ ಎಂಬ ಸ್ಪೇನಿನ ಉಚ್ಚಾಧಿಕಾರಿ ಫಿಲಿಪೀನ್ಸಿನಲ್ಲಿ ಕೆಲಸ ಮಾಡಿ, ಅಲ್ಲಿ ಕಂಡು ಕೇಳಿದ್ದನ್ನು ಬರೆದು 1609ರಲ್ಲಿ ಮೆಕ್ಸಿಕೋದಲ್ಲಿ ಅಚ್ಚು ಹಾಕಿಸಿದ್ದ. ಆ ಗ್ರಂಥದ ಪ್ರತಿಗಳು ಬಹು ವಿರಳ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಒಂದಿತ್ತು. ರಿಸಾಲ್ ದಿನವೂ ಅಲ್ಲಿಗೆ ಹೋಗಿ ಕುಳಿತು, ಇಡೀ ಪುಸ್ತಕವನ್ನು ತನ್ನ ಕೈಯಿಂದಲೇ ನಕಲು ಮಾಡಿಕೊಂಡ. ಸ್ಪೇನಿನವರು ಬರುವ ಮೊದಲು ಆ ದ್ವೀಪಗಳ ಜನ ಕಾಡುಮನುಷ್ಯರಾಗಿದ್ದರೆಂದು ಶಾಲೆಗಳಲ್ಲಿ ಕಲಿಸುತ್ತಿದ್ದರು. ಅವರಿಗೆ ಹಡಗು ಕಟ್ಟುವ ವಿದ್ಯೆ ತಿಳಿದಿತ್ತು, ವ್ಯಾಪಾರವಿತ್ತು, ಸ್ವಂತ ಲಿಪಿಯಿತ್ತು ಎಂಬುದನ್ನು ಸ್ಪೇನಿನವನೊಬ್ಬನ ಬಾಯಿಂದಲೇ ಹೇಳಿಸುವುದು ರಿಸಾಲನ ಹಟ. ಮೋರ್ಗನ ಮೂಲದ ಅಡಿಯಲ್ಲಿ ತನ್ನ ಟಿಪ್ಪಣಿಗಳನ್ನು ಸೇರಿಸಿ ಪ್ಯಾರಿಸಿನಲ್ಲಿ ಅಚ್ಚು ಮಾಡಿಸಿದ; ಪ್ರಕಟಣೆಯ ವರ್ಷ 1890.

ಆ ಟಿಪ್ಪಣಿಗಳಲ್ಲಿ ವಿದ್ವತ್ತಿನ ಜತೆಗೆ ಗಾಯಗೊಂಡವನ ಆವೇಶವೂ ಇತ್ತು. ಅವನ ಪರಮ ಮಿತ್ರನಾಗಿದ್ದ ಆಸ್ಟ್ರಿಯದ ವಿದ್ವಾಂಸ ಫರ್ಡಿನಾಂಡ್ ಬ್ಲೂಮೆಂಟ್ರಿಟ್ ಆ ಪುಸ್ತಕಕ್ಕೆ ಮುನ್ನುಡಿ ಬರೆಯುತ್ತ, ಹಿಂದಿನ ಶತಮಾನಗಳ ಘಟನೆಗಳನ್ನು ಇಂದಿನ ಅಳತೆಗೋಲಿನಿಂದ ಅಳೆಯುವುದು ಸರಿಯಲ್ಲವೆಂದು ಆಕ್ಷೇಪಿಸಿದ್ದಾನೆ. ತನ್ನನ್ನು ಟೀಕಿಸುವ ಮುನ್ನುಡಿಯನ್ನೇ ರಿಸಾಲ್ ತನ್ನ ಪುಸ್ತಕದ ತಲೆಯಲ್ಲಿ ಅಚ್ಚು ಮಾಡಿದ. ಇಂದಿನ ಲೇಖಕರಲ್ಲಿ ಎಷ್ಟು ಮಂದಿ ಇಷ್ಟು ಧಾರಾಳಿಗಳೋ!

ಲಂಡನ್ನಿನ ವಾಸದಲ್ಲಿ ಭಾರತೀಯರ ಕುತೂಹಲ ಕೆರಳಿಸುವ ಒಂದು ಸಂಗತಿಯೂ ಉಂಟು. ಪ್ರಿಮ್‌ರೋಸ್ ಹಿಲ್ ಬಳಿಯಲ್ಲೇ ಇದ್ದ ಡಾಕ್ಟರ್ ರೈನ್‌ಹೋಲ್ಡ್ ರೋಸ್ಟ್ ಎಂಬಾತ ಇಂಡಿಯಾ ಆಫೀಸಿನ ಗ್ರಂಥಪಾಲ. ಸಂಸ್ಕೃತವೇ ಮೊದಲಾದ ಪೂರ್ವದೇಶದ ಭಾಷೆಗಳಲ್ಲಿ ಪಂಡಿತ. ರಿಸಾಲ್ ಆತನ ಮನೆಗೆ ಹೋಗಿಬರುತ್ತಿದ್ದ. ರೋಸ್ಟ್ ನಡೆಸುತ್ತಿದ್ದ ಪತ್ರಿಕೆಯಲ್ಲಿ 1889ರಲ್ಲಿ ರಿಸಾಲನ ಲೇಖನವೊಂದು ಬಂತು. ವಿಷಯ: ಆಮೆ ಮತ್ತು ಕೋತಿಯ ಕಥೆ. ತನ್ನ ಟಗಲೊಗ್ ಭಾಷೆಯಲ್ಲಿ ಅಜ್ಜಿಯರು ಹೇಳುವ ಆ ಕಥೆಯನ್ನು ಜಪಾನಿನ ಕಥೆಯೊಂದರ ಪಕ್ಕದಲ್ಲಿಟ್ಟು ಅವನು ತೂಗಿ ನೋಡಿದ್ದ. ಆಮೆ, ಕೋತಿಗಳ ಕಥೆ ಕೇಳಿ ಬೆಳೆದ ಪಂಚತಂತ್ರದ ನಾಡಿನವರಿಗೆ ಈ ಪ್ರಾಣಿಗಳೇನೂ ಹೊಸಬರಲ್ಲ.

ಎರಡು ಕಾದಂಬರಿ, ಎರಡು ಸಾಲ

ಜರ್ಮನಿಯ ಹೈಡೆಲ್‌ಬರ್ಗ್ ನಗರದಲ್ಲಿಯೂ ರಿಸಾಲನ ಹೆಸರಿನ ಫಲಕವಿದೆ. 1886ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಕಣ್ಣಾಸ್ಪತ್ರೆಯಲ್ಲಿ ಓಟೊ ಬೆಕರ್ ಎಂಬ ಪ್ರಸಿದ್ಧ ವೈದ್ಯನ ಬಳಿ ಅವನು ನೇತ್ರಚಿಕಿತ್ಸೆಯ ಅನುಭವ ಪಡೆದ. ಆ ಶಾಖೆಯನ್ನೇ ಅವನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಊರಿನಲ್ಲಿ ತಾಯಿಯ ಕಣ್ಣಿಗೆ ಪೊರೆ ಬರುತ್ತಿತ್ತು. ನೆಕರ್ ನದಿಯ ದಂಡೆಯಲ್ಲಿ ವಸಂತದ ಹೂಗಳನ್ನು ಕಂಡು ಅವನು ಬರೆದ ಕವಿತೆ ತವರಿನ ಹಂಬಲದ್ದು. ಅಲ್ಲಿಂದ ಬೆಟ್ಟದ ಮೇಲಿನ ವಿಲ್‌ಹೆಲ್ಮ್ಸ್‌ಫೆಲ್ಡ್ ಎಂಬ ಹಳ್ಳಿಗೆ ಹೋಗಿ ಕಾರ್ಲ್ ಉಲ್ಮರ್ ಎಂಬ ಪಾದ್ರಿಯ ಮನೆಯಲ್ಲಿ ಕೆಲವು ತಿಂಗಳು ಇದ್ದು, ತನ್ನ ಕಾದಂಬರಿಯ ಕಡೆಯ ಅಧ್ಯಾಯಗಳನ್ನು ಬರೆದ. ತನ್ನ ನಾಡಿನ ಸ್ಪ್ಯಾನಿಷ್ ಪಾದ್ರಿಗಳ ದಬ್ಬಾಳಿಕೆಯನ್ನು ಬಯಲಿಗೆಳೆಯುವ ಪುಸ್ತಕ ಮುಕ್ತಾಯಕ್ಕೆ ಬಂದದ್ದು ಮತ್ತೊಬ್ಬ ಪಾದ್ರಿಯ ಆಶ್ರಯದಲ್ಲಿ! ಆ ಹಳ್ಳಿಯವರು ಇದನ್ನು ಮರೆತಿಲ್ಲ; ಅಲ್ಲೊಂದು ಉದ್ಯಾನಕ್ಕೆ ರಿಸಾಲನ ಹೆಸರಿದೆ, ಅದರಲ್ಲಿ ಅವನ ಕಂಚಿನ ವಿಗ್ರಹವಿದೆ.

ಬರೆದದ್ದಾಯಿತು, ಅಚ್ಚಿಗೆ ಹಣವೆಲ್ಲಿ? ಬರ್ಲಿನ್ನಿನ ಚಳಿಗಾಲದಲ್ಲಿ ಅವನು ದಿನಕ್ಕೊಂದೇ ಊಟದಲ್ಲಿ ಕಾಲ ಹಾಕುತ್ತಿದ್ದ. ಕೆಮ್ಮು ಹತ್ತಿತ್ತು, ಕ್ಷಯವೇ ಇರಬಹುದೆಂಬ ಭಯ. ಹಸ್ತಪ್ರತಿಯನ್ನು ಬೆಂಕಿಗೆ ಹಾಕಿಬಿಡೋಣವೆಂದು ಕೂಡ ಒಮ್ಮೆ ಮನಸ್ಸು ಮಾಡಿದ್ದನಂತೆ. ಅಷ್ಟರಲ್ಲಿ ಮಾಕ್ಸಿಮೊ ವಿಯೋಲ ಎಂಬ ಸ್ನೇಹಿತ ಬಂದು ಮುನ್ನೂರು ಪೆಸೊ ಸಾಲ ಕೊಟ್ಟ. ಖರ್ಚು ತಗ್ಗಿಸಲು ಒಂದು ಇಡೀ ಅಧ್ಯಾಯವನ್ನೇ ಕಿತ್ತುಹಾಕಿ, 1887ರ ಮಾರ್ಚಿಯಲ್ಲಿ ಎರಡು ಸಾವಿರ ಪ್ರತಿ ಅಚ್ಚಾಯಿತು. ಹೆಸರು 'ನೋಲಿ ಮೆ ತಾಂಗೆರೆ'. ಲ್ಯಾಟಿನ್ ಭಾಷೆಯಲ್ಲಿ 'ನನ್ನನ್ನು ಮುಟ್ಟಬೇಡ' ಎಂದರ್ಥ. ಕರಡಚ್ಚಿನ ಹಾಳೆಗಳನ್ನೂ ಬರೆದ ಲೇಖನಿಯನ್ನೂ ರಿಸಾಲ್ ವಿಯೋಲನಿಗೆ ಕೃತಜ್ಞತೆಯ ಕಾಣಿಕೆಯಾಗಿ ಕೊಟ್ಟ.

ಎರಡನೆಯ ಕಾದಂಬರಿಯ ಕಥೆಯೂ ಬೇರೆಯಲ್ಲ. 'ಎಲ್ ಫಿಲಿಬುಸ್ತೆರಿಸ್ಮೊ' ಅಚ್ಚಾದದ್ದು 1891ರ ಸೆಪ್ಟೆಂಬರಿನಲ್ಲಿ, ಬೆಲ್ಜಿಯಮ್ಮಿನ ಗೆಂಟ್ ಪಟ್ಟಣದ ಒಂದು ಅಚ್ಚುಕೂಟದಲ್ಲಿ. ಅರ್ಧಕ್ಕೆ ಹಣ ಮುಗಿದು ಯಂತ್ರ ನಿಂತಾಗ, ಪ್ಯಾರಿಸಿನಲ್ಲಿದ್ದ ವಾಲೆಂತಿನ್ ವೆಂತೂರ ಎಂಬ ಗೆಳೆಯ ಉಳಿದ ಹಣ ಕಳುಹಿಸಿದ. ಅವನಿಗೆ ಮೂಲ ಹಸ್ತಪ್ರತಿಯೇ ಬಹುಮಾನ. ಆ ಪುಸ್ತಕದ ಅರ್ಪಣೆ 1872ರ ಫೆಬ್ರವರಿ 17ರಂದು ಮನಿಲಾದಲ್ಲಿ ಕತ್ತು ಬಿಗಿದು ಕೊಲ್ಲಿಸಲ್ಪಟ್ಟ ಮೂವರು ದೇಶೀಯ ಪಾದ್ರಿಗಳಿಗೆ: ಗೋಮೆಸ್, ಬುರ್ಗೋಸ್, ಸಮೋರ. ಅವರ ಮರಣದ ಕಾಲದಲ್ಲಿ ರಿಸಾಲ್ ಹತ್ತು ವರ್ಷದ ಬಾಲಕ.

ಅಂದು ಈ ಎರಡು ಪುಸ್ತಕಗಳು ಕೈಯಲ್ಲಿದ್ದರೆ ಸೆರೆವಾಸ ಕಾದಿರುತ್ತಿತ್ತು. 1956ರಲ್ಲಿ ಫಿಲಿಪೀನ್ಸಿನ ಶಾಸನಸಭೆ ಇವನ್ನು ವಿದ್ಯಾರ್ಥಿಗಳು ಓದಲೇಬೇಕೆಂದು ಕಾನೂನು ಮಾಡಿತು.

ರಿಸಾಲನ ನೆನಪಿನ ಗುರುತುಗಳನ್ನೆಲ್ಲ ಎಣಿಸಹೊರಟರೆ ಪಟ್ಟಿ ಬೆಳೆಯುತ್ತದೆ. ಟೋಕಿಯೋದ ಹಿಬಿಯಾ ಉದ್ಯಾನದಲ್ಲಿದೆ. ಬ್ಲೂಮೆಂಟ್ರಿಟ್ ವಾಸವಾಗಿದ್ದ, ಈಗ ಚೆಕ್ ದೇಶಕ್ಕೆ ಸೇರಿರುವ ಲಿತೊಮೆರಿಟ್ಸೆ ಪಟ್ಟಣದಲ್ಲಿದೆ. ನಮ್ಮ ನವದೆಹಲಿಯ ಚಾಣಕ್ಯಪುರಿಯಲ್ಲಿ ಒಂದು ರಸ್ತೆಗೆ ಹೊಸೆ ರಿಸಾಲ್ ಮಾರ್ಗವೆಂದು ಹೆಸರಿದೆ. 1896ರ ಡಿಸೆಂಬರ್ 30ರ ಬೆಳಿಗ್ಗೆ ಮನಿಲಾದ ಬಯಲಿನಲ್ಲಿ ಅವನನ್ನು ಗುಂಡಿಟ್ಟು ಕೊಂದ ಸ್ಪೇನ್ ಕೂಡ ಹಿಂದೆ ಬೀಳಲಿಲ್ಲ. ಅದಾಗಿ ನೂರು ವರ್ಷ ತುಂಬುವ ಹೊತ್ತಿಗೆ, 1996ರ ಡಿಸೆಂಬರಿನಲ್ಲಿ, ರಾಜಧಾನಿ ಮ್ಯಾಡ್ರಿಡ್ಡಿನಲ್ಲಿ ಅವನ ಸ್ಮಾರಕ ಎದ್ದು ನಿಂತಿತು. ಮನಿಲಾದಲ್ಲಿ ಅವನ ಸಮಾಧಿಯ ಮೇಲಿರುವ ವಿಗ್ರಹದ ಪ್ರತಿರೂಪವೇ ಅದು; ಅವನು ಮರಣಕ್ಕೆ ಮುನ್ನ ಬರೆದ ಕವಿತೆಯನ್ನು ಅದರ ಬಳಿ ಕೆತ್ತಿಸಿದ್ದಾರೆ.

ಗೋರಿಯಿಲ್ಲದವನು

ಗೋಡೆಯೊಂದು ಸಿಕ್ಕಿದ್ದು ರಿಸಾಲನ ಭಾಗ್ಯ. ಅವನ ಜತೆಗಾರರಲ್ಲಿ ಎಲ್ಲರಿಗೂ ಆ ಭಾಗ್ಯವಿರಲಿಲ್ಲ.

1889ರ ಫೆಬ್ರವರಿ 15ರಂದು ಸ್ಪೇನಿನ ಬಾರ್ಸಿಲೋನಾ ನಗರದಲ್ಲಿ 'ಲಾ ಸೊಲಿದಾರಿದಾದ್' ಎಂಬ ಪಾಕ್ಷಿಕ ಪತ್ರಿಕೆ ಹೊರಟಿತು. ಫಿಲಿಪೀನ್ಸಿಗೂ ಸ್ಪೇನಿನ ಸಂಸತ್ತಿನಲ್ಲಿ ಪ್ರತಿನಿಧಿಗಳಿರಬೇಕು, ದೇಶೀಯರಿಗೂ ಕಾನೂನಿನ ರಕ್ಷಣೆ ಬೇಕು ಎಂಬುದು ಅದರ ಬೇಡಿಕೆ. ಮೊದಲ ಸಂಪಾದಕ ಗ್ರಾಸಿಯಾನೊ ಲೋಪೆಸ್ ಹಾಯೆನ, ಸಭಿಕರನ್ನು ನಿಬ್ಬೆರಗಾಗಿಸುವ ವಾಗ್ಮಿ. ಅವನ ತರುವಾಯ ಪತ್ರಿಕೆಯನ್ನು ಹೊತ್ತವನು ಮಾರ್ಸೆಲೊ ದೆಲ್ ಪಿಲಾರ್, ವಕೀಲ. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು 1888ರಲ್ಲಿ ತಪ್ಪಿಸಿಕೊಂಡು ಬಂದಿದ್ದ. ಮ್ಯಾಡ್ರಿಡ್ಡಿಗೆ ಸ್ಥಳ ಬದಲಾಯಿಸಿದ ಪತ್ರಿಕೆಯನ್ನು ಆರು ವರ್ಷ ಏಗಿದ. ಊರಿನಿಂದ ಬರುತ್ತಿದ್ದ ಹಣ ನಿಂತುಹೋಗಿ, ಅವನು ಹಸಿವನ್ನು ಮರೆಯಲು ಬೀದಿಯಲ್ಲಿ ಬಿದ್ದ ಸಿಗರೇಟಿನ ತುಂಡುಗಳನ್ನು ಆಯ್ದು ಸೇದುತ್ತಿದ್ದನೆಂದು ಹೇಳುತ್ತಾರೆ. ಮಕ್ಕಳನ್ನು ಕನಸಿನಲ್ಲಿ ಕಂಡದ್ದನ್ನು ಹೆಂಡತಿಗೆ ಕಾಗದದಲ್ಲಿ ಬರೆಯುತ್ತಿದ್ದ. 1895ರ ನವೆಂಬರ್ 15ರ ಸಂಚಿಕೆಯೇ ಕಡೆಯದಾಯಿತು.

ಇಬ್ಬರನ್ನೂ ಕ್ಷಯರೋಗ ತಿಂದಿತು. ಇಬ್ಬರೂ ಸತ್ತದ್ದು ಬಾರ್ಸಿಲೋನಾದಲ್ಲಿ, ಒಂದೇ ವರ್ಷ. ಹಾಯೆನ 1896ರ ಜನವರಿ 20ರಂದು, ದೆಲ್ ಪಿಲಾರ್ ಜುಲೈ 4ರಂದು. ಮುಂದಿನ ತಿಂಗಳು ಮನಿಲಾದಲ್ಲಿ ಕ್ರಾಂತಿ ಸಿಡಿಯಿತು. ಅದನ್ನು ನೋಡಲು ಅವರಿರಲಿಲ್ಲ. ದೆಲ್ ಪಿಲಾರನ ಅವಶೇಷಗಳನ್ನು 1920ರಲ್ಲಿ ಹಡಗಿನಲ್ಲಿ ಊರಿಗೆ ತಂದು ಗೌರವಿಸಿದರು. ಹಾಯೆನನನ್ನು ಬಡವರ ಸಾಮೂಹಿಕ ಗುಂಡಿಯಲ್ಲಿ ಹೂಳಿದ್ದರು. ಅವನ ಮೂಳೆ ಯಾವುದೆಂದು ಗುರುತಿಸುವಂತಿರಲಿಲ್ಲ. ಇಂದಿಗೂ ಅವು ಸ್ಪೇನಿನ ಮಣ್ಣಿನಲ್ಲೇ ಉಳಿದಿವೆ.

ಒಂದೇ ಹಡಗಿನ ಇಬ್ಬರು

ಸ್ಪೇನ್ ಹೋಯಿತು, ಅಮೆರಿಕ ಬಂತು. 1898ರಲ್ಲಿ ಸ್ವಾತಂತ್ರ್ಯ ಘೋಷಿಸಿದ ಫಿಲಿಪೀನ್ಸನ್ನು ಅಮೆರಿಕದ ಸೇನೆ ಯುದ್ಧ ಮಾಡಿ ವಶಪಡಿಸಿಕೊಂಡಿತು. ತಮಗೆ ಮಣಿಯದ ಮುಂದಾಳುಗಳನ್ನು 1901ರ ಜನವರಿಯಲ್ಲಿ ಪೆಸಿಫಿಕ್ ಸಾಗರದ ನಡುವಣ ಗುವಾಮ್ ದ್ವೀಪಕ್ಕೆ ಗಡೀಪಾರು ಮಾಡಿದರು. ಅವರಲ್ಲಿ ಮುಖ್ಯನು ಅಪೊಲಿನಾರಿಯೊ ಮಾಬಿನಿ: ಹೊಸ ಗಣರಾಜ್ಯದ ಮೊದಲ ಪ್ರಧಾನಿ, ಕ್ರಾಂತಿಯ ಮಿದುಳೆಂದು ಹೆಸರಾದವನು. ಎರಡು ಕಾಲುಗಳಲ್ಲಿಯೂ ಸ್ವಾಧೀನವಿಲ್ಲದೆ ಕುರ್ಚಿಯಲ್ಲೇ ಕುಳಿತಿರುತ್ತಿದ್ದ ಆ ಮನುಷ್ಯನನ್ನು ಕಂಡು ದೊಡ್ಡ ಸರ್ಕಾರವೊಂದು ಹೆದರಿತ್ತು! ಗುವಾಮಿನ ಆಸಾನ್ ಕಡಲ ತೀರದಲ್ಲಿ, ಕೈದಿಗಳ ಶಿಬಿರವಿದ್ದ ಜಾಗದಲ್ಲಿ, ಮಾಬಿನಿಯ ಸ್ಮಾರಕವಿದೆ. ಆ ಕ್ರಾಂತಿಯ ಇತಿಹಾಸವನ್ನು ಅವನು ಬರೆದದ್ದು ಆ ದ್ವೀಪದಲ್ಲಿಯೇ.

ಬಿಡುಗಡೆಗೆ ಒಂದೇ ಷರತ್ತು: ಅಮೆರಿಕಕ್ಕೆ ನಿಷ್ಠೆಯ ಪ್ರಮಾಣ. ಎರಡು ವರ್ಷ ಮಾಬಿನಿ ಒಪ್ಪಲಿಲ್ಲ. ಕಡೆಗೆ 1903ರ ಫೆಬ್ರವರಿಯಲ್ಲಿ ಹಡಗು ಮನಿಲಾದ ಬಂದರನ್ನು ಸೇರಿದಾಗ, ಊರಿನ ಮಣ್ಣಿನಲ್ಲಿ ಪ್ರಾಣ ಬಿಡಬೇಕೆಂಬ ಬಯಕೆಯಿಂದಲೋ ಏನೋ, ಪ್ರಮಾಣ ಮಾಡಿ ಇಳಿದ. ಮೂರು ತಿಂಗಳು ತುಂಬುವುದರೊಳಗೆ, ಮೇ 13ರಂದು, ಕಾಲರಾ ಅವನನ್ನು ಒಯ್ದಿತು.

ಅದೇ ಹಡಗಿನಲ್ಲಿ ಗುವಾಮಿನಿಂದ ಬಂದ ಇನ್ನೊಬ್ಬನಿದ್ದ: ಜನರಲ್ ಆರ್ತೆಮಿಯೊ ರಿಕಾರ್ತೆ. ಅವನು ಪ್ರಮಾಣ ಮಾಡಲಾರೆನೆಂದ. ಕಣ್ಣೆದುರು ಕಾಣುವ ಊರಿಗೆ ಕಾಲಿಡಗೊಡದೆ ಅವನನ್ನು ಹಾಂಗ್‌ಕಾಂಗಿಗೆ ಸಾಗಿಸಿದರು. ಕದ್ದು ಮರಳಿದ, ಸೆರೆ ಸಿಕ್ಕಿ ಆರು ವರ್ಷ ಜೈಲಿನಲ್ಲಿ ಕಳೆದ. 1910ರಲ್ಲಿ ಬಿಡುವಾಗ ಮತ್ತೆ ಪ್ರಮಾಣ ಕೇಳಿದರು, ಮತ್ತೆ ಒಲ್ಲೆನೆಂದ, ಮತ್ತೆ ಗಡೀಪಾರು. ಜಪಾನಿನ ಯೋಕೊಹಾಮದಲ್ಲಿ ಹೆಂಡತಿಯೊಡನೆ ಸಣ್ಣದೊಂದು ಕಾಫಿ ಹೋಟೆಲು ನಡೆಸುತ್ತ, ಸ್ಪ್ಯಾನಿಷ್ ಪಾಠ ಹೇಳುತ್ತ ಮುದುಕನಾದ. ಅಲ್ಲಿನ ಯಾಮಶಿತ ಉದ್ಯಾನದಲ್ಲಿ 1971ರಲ್ಲಿ ಅವನ ಹೆಸರಿನ ಸ್ಮಾರಕಶಿಲೆಯನ್ನು ನಿಲ್ಲಿಸಿದರು.

ಈ ಶಿಲೆಯ ಮುಂದೆ ನಿಲ್ಲುವ ಫಿಲಿಪಿನೋಗಳ ಮನಸ್ಸು ಎರಡಾಗುತ್ತದೆ. ಏಕೆಂದರೆ ಪ್ರಮಾಣ ಮಾಡದೆಯೇ ರಿಕಾರ್ತೆ ಊರಿಗೆ ಮರಳಿದ್ದು 1941ರ ಡಿಸೆಂಬರಿನಲ್ಲಿ, ದಾಳಿಯಿಟ್ಟ ಜಪಾನೀ ಸೇನೆಯ ಜತೆಗೆ. ಆ ಸೇನೆ ಅವನ ನಾಡಿನಲ್ಲಿ ಮಾಡಿದ ಕ್ರೌರ್ಯ ಲೋಕಪ್ರಸಿದ್ಧ. ಸೋಲುತ್ತಿದ್ದ ಜಪಾನೀಯರೊಂದಿಗೆ ಬೆಟ್ಟಗಳಿಗೆ ಸರಿದ ಎಪ್ಪತ್ತೆಂಟರ ಆ ವೃದ್ಧ 1945ರ ಜುಲೈ 31ರಂದು ಆಮಶಂಕೆಯಿಂದ ತೀರಿಕೊಂಡ. ಅವನು ದೇಶಭಕ್ತನೇ, ಶತ್ರುವಿನ ಸಹಾಯಕನೇ? ಮಾಬಿನಿಯ ಪ್ರಮಾಣವನ್ನು ಕ್ಷಮಿಸುವುದು ಸುಲಭ. ರಿಕಾರ್ತೆಯ ಹಟವನ್ನು ತೂಗುವುದು ಕಷ್ಟ. ಕಲ್ಲನ್ನು ನೆಟ್ಟವರಿಗೂ ಇದು ತಿಳಿಯದ ವಿಷಯವೇನಲ್ಲ.

ಹಾಂಗ್‌ಕಾಂಗಿನ ಇಳಿಜಾರು

ರಿಕಾರ್ತೆಯನ್ನು ತಂದು ಇಳಿಸಿದ ಹಾಂಗ್‌ಕಾಂಗ್, ಮೊದಲಿನಿಂದಲೂ ಫಿಲಿಪೀನ್ಸಿನ ದೇಶಭ್ರಷ್ಟರ ಬೀಡು. ಮನಿಲಾಕ್ಕೆ ಕೆಲವೇ ದಿನಗಳ ಪಯಣ. ಆಳುವವರು ಬ್ರಿಟಿಷರಾದ್ದರಿಂದ ಸ್ಪೇನಿನ ಪೊಲೀಸರ ಭಯವಿಲ್ಲ. ನಗರದ ಬೆಟ್ಟದ ಇಳಿಜಾರಿನಲ್ಲಿ ರೆಡ್ನಾಕ್ಸೆಲ ಟೆರೇಸ್ ಎಂಬ ಕಿರುಬೀದಿಯಿದೆ. ಅಲೆಕ್ಸಾಂಡರ್ ಎಂಬ ಹೆಸರಿನ ಅಕ್ಷರಗಳನ್ನು ಯಾರೋ ಗುಮಾಸ್ತ ಬಲದಿಂದ ಎಡಕ್ಕೆ ಬರೆದುಕೊಂಡದ್ದರಿಂದ ಈ ವಿಲಕ್ಷಣ ಹೆಸರು ಬಂತೆಂದು ಪ್ರತೀತಿ. ಅಲ್ಲಿನ ಫಲಕವೊಂದು ರಿಸಾಲನ ವಾಸವನ್ನು ಸೂಚಿಸುತ್ತದೆ. ಅಲ್ಲಿಂದ ಕೆಳಗಿಳಿದು ಬಂದರೆ ಡಿ'ಅಗಿಲಾರ್ ಬೀದಿಯಲ್ಲಿ ಮತ್ತೊಂದು ಫಲಕ. ಅವನ ಕಣ್ಣಿನ ಚಿಕಿತ್ಸಾಲಯವಿದ್ದ ತಾಣ ಅದು. ಹಳೆಯ ಕಟ್ಟಡದ ಜಾಗದಲ್ಲಿ ಈಗ ಎತ್ತರದ ಮಳಿಗೆ. ಸುತ್ತಮುತ್ತ ರಾತ್ರಿಯಿಡೀ ಗದ್ದಲ ಮಾಡುವ ಪಾನಗೃಹಗಳು.

1891ರ ಕೊನೆಯಲ್ಲಿ ತಂದೆ, ತಾಯಿ, ಅಣ್ಣ, ಸೋದರಿಯರು ಅವನನ್ನು ಅಲ್ಲಿ ಕೂಡಿಕೊಂಡರು. ಊರಿನ ಜಮೀನಿನಿಂದ ಅವರನ್ನು ಒಕ್ಕಲೆಬ್ಬಿಸಿದ್ದರು. ಹತ್ತು ವರ್ಷಗಳ ಅಲೆದಾಟದಲ್ಲಿ ಕಲಿತ ವಿದ್ಯೆಯಿಂದ ಮಗನು ತಾಯಿ ತೆಯೊದೋರಳ ಕಣ್ಣಿನ ಪೊರೆ ತೆಗೆದ. ಆಕೆಗೆ ಮತ್ತೆ ಓದುವಂತಾಯಿತು. ಅವನ ಬಾಳಿನಲ್ಲಿ ಇಡೀ ಕುಟುಂಬ ಒಂದೇ ಸೂರಿನಡಿ ನೆಮ್ಮದಿಯಾಗಿದ್ದ ಕಾಲವೆಂದರೆ ಆ ಆರೇಳು ತಿಂಗಳು. 1892ರ ಜೂನಿನಲ್ಲಿ ತಾನು ಸತ್ತ ಮೇಲೆ ಒಡೆಯತಕ್ಕದ್ದೆಂದು ಎರಡು ಕಾಗದಗಳನ್ನು ಮುದ್ರೆ ಹಾಕಿ ಮಿತ್ರನೊಬ್ಬನ ಕೈಲಿಟ್ಟು, ಮನಿಲಾದ ಹಡಗು ಹತ್ತಿದ. ಅಲ್ಲಿಂದ ಮುಂದೆ ನಾಲ್ಕು ವರ್ಷ ದಪಿತಾನಿನಲ್ಲಿ ಗಡೀಪಾರು, ಆಮೇಲೆ ಬಂದೂಕು.

ಅದೇ ಊರಿನ ವಾನ್‌ಚಾಯ್ ಭಾಗದ ಮಾರಿಸನ್ ಹಿಲ್ ರಸ್ತೆಯ ಮನೆಯೊಂದರಲ್ಲಿ 1898ರ ಮೇ ತಿಂಗಳಲ್ಲಿ ಮೂವರು ಹೆಂಗಸರು ರೇಷ್ಮೆಯ ಬಟ್ಟೆ ಹರಡಿಕೊಂಡು ಕುಳಿತಿದ್ದರು. ವಕೀಲ ಫೆಲಿಪೆ ಅಗೊನ್ಸಿಯೊನ ಪತ್ನಿ ಮಾರ್ಸೆಲ, ಅವಳ ಪುಟ್ಟ ಮಗಳು ಲೊರೆನ್ಸ, ರಿಸಾಲನ ಸೋದರಿಯ ಮಗಳು ದೆಲ್ಫಿನ. ಕ್ರಾಂತಿಯ ನಾಯಕ ಅಗಿನಾಲ್ಡೊ ಧ್ವಜದ ನಕ್ಷೆ ಕೊಟ್ಟಿದ್ದ. ಕೆಂಪು, ನೀಲಿ, ಬಿಳುಪು. ನಡುವೆ ಎಂಟು ಕಿರಣಗಳ ಸೂರ್ಯ, ಮೂರು ನಕ್ಷತ್ರ. ಸೂರ್ಯನ ಕಿರಣಗಳು ಸೊಟ್ಟಗಾದವೆಂದು ಬಿಚ್ಚಿ ಮತ್ತೆ ಹೊಲಿದದ್ದೂ ಉಂಟಂತೆ. ಐದು ದಿನಗಳಲ್ಲಿ ಕೆಲಸ ಮುಗಿಯಿತು. ಮೇ 17ರಂದು ಅಗಿನಾಲ್ಡೊ ಆ ಧ್ವಜವನ್ನು ಜತೆಯಲ್ಲಿಟ್ಟುಕೊಂಡು ಹೊರಟ; ಜೂನ್ 12ರಂದು ಕವಿತ್ ಗ್ರಾಮದ ಅವನ ಮನೆಯಲ್ಲಿ ಸ್ವಾತಂತ್ರ್ಯ ಘೋಷಣೆಯ ಹೊತ್ತಿನಲ್ಲಿ ಅದು ಹಾರಾಡಿತು. ಒಂಬತ್ತು ವರ್ಷಗಳ ತರುವಾಯ ಅಮೆರಿಕದವರು ಆ ಧ್ವಜವನ್ನು ಪ್ರದರ್ಶಿಸುವುದೇ ಅಪರಾಧವೆಂದು ಕಾನೂನು ಮಾಡಿದರು. ಅದು ರದ್ದಾದದ್ದು 1919ರಲ್ಲಿ.

ಅವರು ಹೊಲಿದ ಮನೆ ಈಗಿಲ್ಲ. ಮನೆಯಷ್ಟೇ ಏಕೆ, ಮಾರಿಸನ್ ಹಿಲ್ ಎಂಬ ಗುಡ್ಡವೇ ಈಗಿಲ್ಲ. 1920ರ ದಶಕದಲ್ಲಿ ಅದನ್ನು ಅಗೆದು, ಆ ಮಣ್ಣಿನಿಂದ ಕಡಲನ್ನು ತೂರಿಸಿ ಹೊಸ ನೆಲ ಮಾಡಿಕೊಂಡರು. ರಸ್ತೆಗೆ ಮಾತ್ರ ಹಳೆಯ ಹೆಸರು ಉಳಿದಿದೆ.

ಹಾಂಗ್‌ಕಾಂಗಿನ ಮನೆಗಳಲ್ಲಿ ಅಡುಗೆ, ಮಕ್ಕಳ ಪಾಲನೆಗಳ ಕೆಲಸಕ್ಕಿರುವ ಫಿಲಿಪಿನೋ ಹೆಂಗಸರ ಸಂಖ್ಯೆ ಇಂದು ಎರಡು ಲಕ್ಷದಷ್ಟು. ಅವರ ವಾರದ ರಜೆ ಸಾಮಾನ್ಯವಾಗಿ ಭಾನುವಾರ. ಅಂದು ನಗರದ ನಡುಭಾಗದ ಚೌಕಗಳಲ್ಲಿ, ಮೇಲ್ಸೇತುವೆಗಳ ನೆರಳಿನಲ್ಲಿ ರಟ್ಟಿನ ಹಾಳೆಗಳನ್ನು ಹಾಸಿಕೊಂಡು ಕುಳಿತು, ಬುತ್ತಿ ಹಂಚಿಕೊಳ್ಳುತ್ತಾರೆ, ಹಾಡುತ್ತಾರೆ, ಊರಿನ ಮಕ್ಕಳೊಡನೆ ದೂರವಾಣಿಯಲ್ಲಿ ಮಾತನಾಡುತ್ತಾರೆ. ಡಿ'ಅಗಿಲಾರ್ ಬೀದಿಯ ಫಲಕಕ್ಕೂ ಅವರು ಕುಳಿತ ಜಾಗಕ್ಕೂ ಕೆಲವು ನಿಮಿಷಗಳ ನಡಿಗೆಯ ದೂರ.